ಅಂಗಡಿಯ ತಕರಾರಿಗೆ ಯಾವ ಬಾಗಿಲು?

ಯಶವಂತಪುರದ ಬೀದಿಯಲ್ಲಿ ಬಾಡಿಗೆಗೆ ಮಳಿಗೆ ಹಿಡಿದ ದಿನಸಿ ವ್ಯಾಪಾರಿಯನ್ನು ಮಾಲೀಕನು ಬಿಡಿಸಬೇಕೆಂದರೆ ಎಲ್ಲಿ ದಾವೆ ಹೂಡಬೇಕು? ವಾಚಕರಿಗೆ ಇದು ವಕೀಲರ ಗೊಡವೆ ಎನ್ನಿಸಬಹುದು. ಆದರೆ ಆ ವ್ಯಾಪಾರಿಯ ಅನ್ನ ಬಹುಮಟ್ಟಿಗೆ ಇದರ ಉತ್ತರವನ್ನೇ ನಂಬಿಕೊಂಡಿದೆ.

1956ರಲ್ಲಿ ರಾಜ್ಯ ಒಂದಾದಾಗ ಬಾಡಿಗೆಯ ಕಾನೂನು ಒಂದಾಗಿರಲಿಲ್ಲ. ಹಳೆಯ ಮೈಸೂರಿಗೆ 1951ರ ಕಾಯಿದೆ, ಧಾರವಾಡದ ಕಡೆಗೆ ಮುಂಬಯಿಯ 1947ರದು, ಮಂಗಳೂರಿಗೆ ಮದರಾಸಿನ 1949ರದು, ಗುಲ್ಬರ್ಗಕ್ಕೆ ಹೈದರಾಬಾದಿನ 1954ರದು. ಇವುಗಳ ಬದಲಿಗೆ ಬಂದದ್ದು 1961ರ ಬಾಡಿಗೆ ನಿಯಂತ್ರಣ ಕಾಯಿದೆ. ನ್ಯಾಯವಾದ ಬಾಡಿಗೆಯನ್ನು ಗೊತ್ತುಮಾಡುವುದು, ಖಾಲಿ ಕಟ್ಟಡವನ್ನು ಹಂಚುವುದು ಕಂಟ್ರೋಲರರ ಕೆಲಸ. ಒಕ್ಕಲೆಬ್ಬಿಸುವ ಅಧಿಕಾರ ನ್ಯಾಯಾಲಯದ್ದು, ಬೆಂಗಳೂರಿನಲ್ಲಾದರೆ ಸ್ಮಾಲ್ ಕಾಸಸ್ ಕೋರ್ಟಿನದು. ಮನೆಗೂ ಅಂಗಡಿಗೂ ಒಂದೇ ರಕ್ಷಣೆ. ಮಾಲೀಕರು ಗೊಣಗಿದರು, ಗೊಣಗಲು ಕಾರಣವೂ ಇತ್ತು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕಾಯಿದೆ ಈ ಸಮತೆಯನ್ನು ಮುರಿಯಿತು. ವ್ಯಾಪಾರದ ಕಟ್ಟಡಗಳನ್ನು ಅದು ಹೊರಗಿಟ್ಟು, 14 ಚದರ ಮೀಟರು ಮೀರದ ಮಳಿಗೆಯನ್ನಷ್ಟೇ ಒಳಗೆ ಉಳಿಸಿಕೊಂಡಿತು. ಅದೂ ಬೆಂಗಳೂರಿನಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿಯೊಳಗಿದ್ದರೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಹತ್ತಡಿ ಅಗಲ, ಹದಿನೈದಡಿ ಉದ್ದದ ಅಂಗಡಿ 13.94 ಚದರ ಮೀಟರು. ಉದ್ದ ಇನ್ನೊಂದಡಿ ಬೆಳೆದರೆ 14.86, ರಕ್ಷಣೆ ಹೋಯಿತು! ಕಾಯಿದೆ ಕೇಳುವುದು ತಳಪಾಯದ ವಿಸ್ತೀರ್ಣವನ್ನು. ಅದಕ್ಕೆ ಗೋಡೆಯ ದಪ್ಪವನ್ನೂ ಸೇರಿಸುವುದು ಎಂಜಿನಿಯರರ ರೂಢಿ. ಗೋಡೆಯನ್ನು ಒಳಗಿನಿಂದ ಅಳೆದು ನೆಮ್ಮದಿಯಾಗಿದ್ದವನ ಗತಿಯೇನು?

ಗೆರೆಯಾಚೆಗಿನವನಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಹದಿನೈದು ದಿನಗಳ ನೋಟೀಸು ಸಾಕು, ಕಾರಣ ಹೇಳಬೇಕಾಗಿಲ್ಲ. ಗುತ್ತಿಗೆ ಮುಗಿಯಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾದರೆ ಬೆಂಗಳೂರಿನಲ್ಲಿ ಈ ದಾವೆಯೂ 1964ರ ಕಾಯಿದೆಯಂತೆ ಸ್ಮಾಲ್ ಕಾಸಸ್ ಕೋರ್ಟಿಗೇ ಹೋಗುತ್ತದೆ. ಬಾಗಿಲು ಅದೇ, ಒಳಗೆ ತೆರೆಯುವ ಪುಸ್ತಕ ಬೇರೆ.

ಮಾಲೀಕ ಸರ್ಕಾರವಾದರೆ ಬಾಗಿಲೂ ಬೇರೆ. ಯಶವಂತಪುರ, ಯಲಹಂಕ ನಿಲ್ದಾಣಗಳ ರೈಲ್ವೆ ಜಾಗಕ್ಕೆ 1971ರ ಕೇಂದ್ರ ಕಾಯಿದೆಯ ಎಸ್ಟೇಟ್ ಆಫೀಸರು. ರಾಜ್ಯ ಸರ್ಕಾರದ ಮಳಿಗೆಗಳಿಗೆ 1974ರ ಕಾಯಿದೆಯ ಸಕ್ಷಮ ಅಧಿಕಾರಿ. ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರಲ್ಲಿಗೆ. ಬಾಡಿಗೆ ಕೊಟ್ಟವರ ಕಡೆಯ ಅಧಿಕಾರಿಯೇ ತೀರ್ಪುಗಾರನಾಗುವುದು ನನಗೆ ಹಿಡಿಸದು. ಸುಪ್ರೀಂ ಕೋರ್ಟು 1967ರಲ್ಲಿ ಪಂಜಾಬಿನ ಇಂಥದೊಂದು ಕಾನೂನನ್ನು ಹೊಡೆದುಹಾಕಿತ್ತು. 1974ರಲ್ಲಿ ಮುಂಬಯಿಯ ಮೊಕದ್ದಮೆಯಲ್ಲಿ ಮನಸ್ಸು ಬದಲಿಸಿತು. ಬಾಡಿಗೆ ನಿಯಂತ್ರಣಕ್ಕಿಂತ 1971ರ ಕಾಯಿದೆಯೇ ಮೇಲೆಂದು 1990ರಲ್ಲಿ ಹೇಳಿತು.

2020ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಬಾಗಿಲನ್ನೂ ತೆರೆಯಿತು. ಕರಾರುಪತ್ರದಲ್ಲಿ ಪಂಚಾಯ್ತಿಯ ಷರತ್ತಿದ್ದರೆ, 1882ರ ಕಾಯಿದೆಯ ಕೆಳಗಿನ ಬಾಡಿಗೆ ವ್ಯಾಜ್ಯವನ್ನು ಮಧ್ಯಸ್ಥಗಾರರೇ ತೀರ್ಮಾನಿಸಬಹುದು. ಬಾಡಿಗೆ ಕಾಯಿದೆಯ ರಕ್ಷಣೆಯುಳ್ಳ ಪುಟ್ಟ ಅಂಗಡಿಯವನನ್ನು ಮಾತ್ರ, ಅವನು ಅಂಥ ಪತ್ರಕ್ಕೆ ರುಜು ಹಾಕಿದ್ದರೂ, ಕೋರ್ಟಿನ ಹೊರಗೆ ಎಬ್ಬಿಸುವಂತಿಲ್ಲ.