ಕೋಲಾರ ಸೀಮೆಯ ಕೆರೆಗಳೂ ಅವುಗಳ ಕಾಪೂ

ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲದ ಸೀಮೆ ನಮ್ಮದು. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ನಂದಿದುರ್ಗದ ಸುತ್ತಣ ಬೆಟ್ಟಗಳಲ್ಲಿ ಉತ್ತರ ದಕ್ಷಿಣ ಪಿನಾಕಿನಿಗಳೆರಡೂ ಜನಿಸುತ್ತವೆ. ಪಾಲಾರಿನ ಉಗಮವೂ ಅಲ್ಲಿಗೆ ದೂರವಲ್ಲ. ಆದರೆ ಈ ನದಿಗಳು ಇಲ್ಲಿ ಹುಟ್ಟುವುವೇ ಹೊರತು ಇಲ್ಲಿ ತುಂಬಿ ಹರಿಯುವುದಿಲ್ಲ. ಹೀಗಿದ್ದರೂ ಈ ನೆಲದಲ್ಲಿ ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಭತ್ತವೂ ಕಬ್ಬೂ ಬೆಳೆದುವು. ಇದು ಹೇಗೆ ಸಾಧ್ಯವಾಯಿತು, ಆ ಸಾಧನೆ ಈಗ ಏತಕ್ಕೆ ಕುಂದಿತು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಪುತ್ರ, ತಟಾಕ, ನಿಧಿ, ಅಗ್ರಹಾರ, ದೇವಾಲಯ, ವನ, ಕಾವ್ಯ ಎಂಬಿವು ಸಪ್ತಸಂತಾನಗಳೆಂದು ನಮ್ಮ ಹಿರಿಯರು ಎಣಿಸಿದ್ದುದು ವಾಚಕರಿಗೆ ತಿಳಿದೇ ಇದೆ. ಕೆರೆಯನ್ನು ಕಟ್ಟಿಸಿದವನಿಗೆ ಪುಣ್ಯವುಂಟೆಂಬ ನಂಬಿಕೆ ದೊಡ್ಡದೇ ಸರಿ. ಆದರೆ ನಂಬಿಕೆಯೊಂದರಿಂದಲೇ ಏರಿ ನಿಲ್ಲುವುದಿಲ್ಲ. ಅದಕ್ಕೆ ಶಾಸ್ತ್ರವೂ ಬೇಕು. ನಮ್ಮ ಸೀಮೆಯೂ ವಿಜಯನಗರದ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಬುಕ್ಕರಾಯನ ಮಗನಾದ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಮಹಾತಟಾಕವೊಂದನ್ನು ಕಟ್ಟಿಸಿದನು. ಶಕವರ್ಷ 1291ರ, ಎಂದರೆ ಕ್ರಿ.ಶ. 1369ರ, ಅಲ್ಲಿಯ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಧರ್ಮಿಷ್ಠನಾದ ಪ್ರಭು, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಏರಿಗೆ ಆಸರೆಯಾಗುವ ಬೆಟ್ಟಗಳು, ಸಮೀಪದಲ್ಲಿ ಉದ್ದನೆಯ ಕಲ್ಲು ದೊರೆಯುವ ಗಣಿ, ನಿಪುಣರಾದ ಕೆಲಸಗಾರರು ಮೊದಲಾದುವು ಸಾಧನಗಳು. ಏರಿಯಲ್ಲಿ ನೀರು ಜಿನುಗುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಅಂಗಳದ ನಡುವೆ ದಿಣ್ಣೆಯಿರುವುದು, ನೀರು ಸ್ವಲ್ಪವಾಗಿ ಬೇಸಾಯದ ಭೂಮಿ ಹೆಚ್ಚಾಗಿರುವುದು, ಭೂಮಿ ಸ್ವಲ್ಪವಾಗಿ ನೀರು ಹೆಚ್ಚಾಗಿರುವುದು ಇವು ದೋಷಗಳು. ಪ್ರತಿದಿನವೂ ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತೆಂದು ಅದೇ ಶಾಸನದಿಂದ ತಿಳಿಯುತ್ತದೆ. ನೀರಿಗೂ ಭೂಮಿಗೂ ಪ್ರಮಾಣವಿರಬೇಕೆಂಬ ಆ ಕಡೆಯ ಎರಡು ದೋಷಗಳ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ನಮಗೆ ಮುಖ್ಯವಾಗುವುದು.

ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟ. ಇದನ್ನು ಪೂರ್ವಿಕರು ಚೆನ್ನಾಗಿ ಅರಿತಿದ್ದರು. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಥಮವಾಗಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿದವನಿಗೆ ಐದು ವರ್ಷ, ಒಡೆದು ಹಾಳಾದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ, ಗಿಡಗಂಟಿ ಬೆಳೆದುದನ್ನು ಶುದ್ಧಿಮಾಡಿದವನಿಗೆ ಮೂರು ವರ್ಷ ಕಂದಾಯದ ರಿಯಾಯಿತಿ ಹೇಳಿದೆ. ಹೊಸದನ್ನು ಕಟ್ಟಿದವನಿಗೂ ಹಳೆಯದನ್ನು ಉಳಿಸಿದವನಿಗೂ ನಡುವಣ ಅಂತರ ಎಷ್ಟು ಅಲ್ಪವೆಂಬುದು ಗಮನಾರ್ಹ. ಕನ್ನಡನಾಡಿನ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳೂ ಈ ಅರ್ಥದವೇ. ಕೆರೆಯನ್ನು ಕಟ್ಟಿದವನಿಗೆ, ಅದನ್ನು ದುರಸ್ತಿಯಲ್ಲಿ ಇಡುವವನಿಗೆ ಭೂಮಿಯನ್ನೋ ಹುಟ್ಟುವಳಿಯ ಭಾಗವನ್ನೋ ಬಿಟ್ಟುಕೊಡುವ ಏರ್ಪಾಡುಗಳಿವು. ಕೆರೆ ಹುಟ್ಟಿದಾಗಲೇ ಅದರ ಕಾಪಿಗೆ ಜೀವನಾಂಶವೂ ಹುಟ್ಟುತ್ತಿತ್ತು.

ಊರಿನ ಆಯಗಾರರು ಹನ್ನೆರಡು ಮಂದಿಯಲ್ಲಿ ನೀರುಗಂಟಿಯೂ ಒಬ್ಬ. ತೂಬನ್ನು ಎಷ್ಟು ಹೊತ್ತು ತೆಗೆಯಬೇಕು, ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು, ಕೋಡಿ ಬೀಳುವ ರಾತ್ರಿ ಏರಿಯ ಮೇಲೆ ಯಾರು ಕಾಯಬೇಕು ಎಂಬುದೆಲ್ಲ ಅವನ ಹೊಣೆ. ಬೇಸಗೆಯಲ್ಲಿ ಅಂಗಳದ ಹೂಳು ಗಾಡಿಗಳಲ್ಲಿ ಹೊಲಗಳನ್ನು ಸೇರುತ್ತಿತ್ತು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಮೇಲಣ ಕೆರೆಯ ಕೋಡಿ ಹರಿದರೆ ಕೆಳಗಣ ಕೆರೆಗೆ ನೀರು. ಹೀಗೆ ಸರದ ಮಣಿಗಳಂತೆ ಕೆರೆಗಳ ಸಾಲು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ, ಈ ಸಂಸ್ಥಾನದ ನೂರಕ್ಕೆ ಸುಮಾರು ಅರವತ್ತು ಪಾಲು ನೆಲವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಸ್ಥಳ ಹುಡುಕಲು ಜಾಣತನವೇ ಬೇಕೆಂದೂ ಬರೆದರು.

ಈ ಏರ್ಪಾಡನ್ನು ಸುವರ್ಣಯುಗವೆಂದು ಹೊಗಳುವುದು ನನ್ನ ಇಷ್ಟವಲ್ಲ. ನೀರುಗಂಟಿತನವು ಅನೇಕ ಕಡೆ ಊರ ಹೊರಗಣ ಕೇರಿಯವರಿಗೆ ವಂಶಪಾರಂಪರ್ಯವಾಗಿ ಬಂದ ಕೆಲಸ. ಎಲ್ಲರ ಗದ್ದೆಗೂ ನೀರು ಹಂಚಿದ ಕೈಯನ್ನು ಊರ ಬಾವಿಗೆ ಸೋಂಕಗೊಡದ ಅನ್ಯಾಯವೂ ಅದೇ ಊರುಗಳಲ್ಲಿ ನಡೆಯಿತು. ಆದುದರಿಂದ 1961ರ ಕಾಯಿದೆಯು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿದುದು ನ್ಯಾಯವೇ. ಆದರೆ ಅನ್ಯಾಯವನ್ನು ತೆಗೆದವರು ಆ ಕೆಲಸಕ್ಕೆ ಮರ್ಯಾದೆಯ ವೇತನವನ್ನು ಗೊತ್ತುಮಾಡಿ ಮತ್ತೊಬ್ಬನನ್ನು ನಿಲ್ಲಿಸಲಿಲ್ಲ. 1911ರ ಮೈಸೂರು ಕೆರೆ ಪಂಚಾಯಿತಿ ರೆಗ್ಯುಲೇಷನ್ನಿನಂಥ ಪ್ರಯತ್ನಗಳೂ ಬೇರೂರಲಿಲ್ಲ. ಕೆರೆ ಸರಕಾರದ್ದಾಯಿತು, ಎಲ್ಲರದೂ ಆಗಿದ್ದುದು ಯಾರದೂ ಅಲ್ಲವಾಯಿತು.

ಇನ್ನು ನೆಲದೊಳಗಿನ ನೀರಿನ ವಿಷಯ. ನಮ್ಮ ನೆಲದಡಿಯಲ್ಲಿರುವುದು ಕಗ್ಗಲ್ಲು. ಮೇಲಣ ಶಿಥಿಲಶಿಲೆಯ ಪದರದಲ್ಲಿಯೂ ಅದರ ಕೆಳಗಣ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲಬಲ್ಲುದು. ಕೆರೆಯ ನೀರು ಮೆಲ್ಲಗೆ ಇಂಗಿ ಈ ಪದರವನ್ನು ತುಂಬುತ್ತಿತ್ತು; ಅಚ್ಚುಕಟ್ಟಿನ ಬಾವಿಗಳಲ್ಲಿ ಕಪಿಲೆ ಹೊಡೆದು ರೈತರು ಎರಡನೆಯ ಬೆಳೆ ತೆಗೆಯುತ್ತಿದ್ದರು. ಎತ್ತುಗಳ ಬಲಕ್ಕೆ ಮಿತಿಯಿದ್ದುದರಿಂದ ತೆಗೆಯುವ ನೀರಿಗೂ ಮಿತಿಯಿತ್ತು. ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಕೊಳವೆಬಾವಿಯೂ ವಿದ್ಯುತ್ ಪಂಪೂ ಹಬ್ಬಿದ ಮೇಲೆ ಆ ಮಿತಿ ಅಳಿಯಿತು. ಕೊಳವೆಬಾವಿಯುಳ್ಳವನಿಗೆ ಕೆರೆ ಬೇಡವಾಯಿತು. ಕಾಲುವೆ ಒತ್ತುವರಿಯಾಯಿತು, ಅಂಗಳದಲ್ಲಿ ಜಾಲಿ ಬೆಳೆಯಿತು. ಕೆರೆ ಇಂಗಿಸದ ನೀರನ್ನು ಕೊಳವೆ ಎಷ್ಟು ದಿನ ತೆಗೆದೀತು? ಸಾವಿರ ಅಡಿಗಳಿಗೂ ಕೆಳಗೆ ಕೊರೆದು, ಫ್ಲೋರೈಡು ಬೆರೆತ ನೀರನ್ನು ಕುಡಿಯುವ ಸ್ಥಿತಿ ಅನೇಕ ಗ್ರಾಮಗಳಿಗೆ ಬಂದಿತು. ಸಾಲಮಾಡಿ ಕೊರೆಯಿಸಿದ ಬಾವಿ ಬತ್ತಿದರೆ ಸಣ್ಣ ರೈತನ ಸಂಸಾರವೇ ಬತ್ತುತ್ತದೆ. ಪೋರುಮಾಮಿಳ್ಳದ ಶಾಸನವು ಹೇಳಿದ ದೋಷ, ನೀರು ಸ್ವಲ್ಪ ಬೇಸಾಯ ಹೆಚ್ಚು ಎಂಬುದು, ಒಂದು ಕೆರೆಗಲ್ಲ, ಒಂದು ಸೀಮೆಗೇ ತಟ್ಟಿತು. 2011ರಲ್ಲಿ ರಾಜ್ಯದ ಅಂತರ್ಜಲ ಕಾಯಿದೆ ಬಂದಿತು; ಆದರೆ ಕಾಣದ ನೀರನ್ನು ಕಾಗದದಿಂದ ಕಟ್ಟುವುದು ಸುಲಭವಲ್ಲ.

2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕಾರ್ಯ ಆರಂಭವಾಯಿತು. ಯೋಜನೆಯ ಪ್ರಮಾಣ ದಿನಕ್ಕೆ 44 ಕೋಟಿ ಲೀಟರು. ದೀರ್ಘಕಾಲ ಒಣಗಿದ್ದ ಕೆರೆಗಳು ತುಂಬಿದುವು, ಬತ್ತಿದ ಬಾವಿಗಳಲ್ಲಿ ನೀರು ಕಾಣಿಸಿತು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಅಂತರ್ಜಲವನ್ನು ಸೇರುವುದು ಕ್ಷೇಮವೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸಂತೋಷಪಟ್ಟವರ ಮಾತೂ ಶಂಕಿಸಿದವರ ಮಾತೂ ಎರಡೂ ಗೌರವಾರ್ಹವೇ. ಬಾಯಾರಿದವನು ಕೊಟ್ಟ ನೀರನ್ನು ಬೇಡವೆನ್ನಲಾರ. ಆದರೆ ಅದು ಎಂಥ ನೀರೆಂದು ಕೇಳುವ ಹಕ್ಕು ಅವನಿಗಿದ್ದೇ ಇದೆ.

ಇತಿಹಾಸವು ಇಲ್ಲಿ ಕಲಿಸುವುದು ಇಷ್ಟೆ. ನೀರನ್ನು ಎಲ್ಲಿಂದಲಾದರೂ ತರಬಹುದು. ಕಾಪನ್ನು ಹೊರಗಿನಿಂದ ತರಲಾಗದು. ಮಳೆಯ ನೀರು ಬರುವ ರಾಜಕಾಲುವೆಯನ್ನು ತೆರವುಮಾಡುವವರು, ಹೂಳು ತೆಗೆಸುವವರು, ಕೆರೆಯ ನೀರಿನ ಗುಣವನ್ನು ಪರೀಕ್ಷಿಸಿ ಊರಿಗೆ ತಿಳಿಸುವವರು, ಇಷ್ಟೇ ಕೊಳವೆಬಾವಿ ಸಾಕೆಂದು ಪಂಚಾಯಿತಿಯಲ್ಲಿ ಎದ್ದು ಹೇಳುವವರು ಊರಿನೊಳಗೇ ಇರಬೇಕು. ಅವರಿಗೆ ಹುಟ್ಟಿನಿಂದ ಬಂದ ಕಟ್ಟಾಗಿ ಅಲ್ಲ, ಗ್ರಾಮವೇ ನೇಮಿಸಿ ಕೊಡುವ ಗೌರವದ ಉದ್ಯೋಗವಾಗಿ ಆ ಕೆಲಸ ಸಲ್ಲಬೇಕು. ಶಾಸನವು ಹೇಳಿದ ಹನ್ನೆರಡು ಸಾಧನಗಳಲ್ಲಿ ಬೆಟ್ಟವೂ ಕಲ್ಲೂ ನೆಲವೂ ನಮಗೆ ಇಂದಿಗೂ ಇವೆ. ಹದಿಮೂರನೆಯದಾಗಿ ನೀರುಗಂಟಿಯನ್ನು ಸೇರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.