ಹೊಂಗೆಯೆಣ್ಣೆ, ಡೀಸೆಲ್ ಯಂತ್ರ ಮತ್ತು ಪ್ರತಿರೂಪಕ ವ್ಯವಹಾರ

ಶ್ರಾವಕನ ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಡೆಯದು ಪ್ರತಿರೂಪಕ ವ್ಯವಹಾರ. ಅಂದರೆ ಒಂದು ವಸ್ತುವಿನ ಹೆಸರಿನಲ್ಲಿ ಅದರಂತೆ ತೋರುವ ಇನ್ನೊಂದನ್ನು ಮಾರುವುದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೃತ್ರಿಮ ಚಿನ್ನವನ್ನು ಉದಾಹರಿಸಿ, ವಂಚನೆಯೇ ಇದರ ಲಕ್ಷಣವೆಂದು ತೋರಿಸಿದ್ದಾರೆ. ಬೆರೆಸುವುದೆಲ್ಲ ಚೌರ್ಯವಲ್ಲ ಎಂಬ ಈ ವಿವೇಕವು ಡೀಸೆಲ್ ಇಂಧನದ ಇತಿಹಾಸವನ್ನು ಓದುವವನಿಗೆ ಬಹಳ ಉಪಯುಕ್ತ.

ನಮ್ಮ ಸೊರಬ–ಶಿಕಾರಿಪುರ ಸೀಮೆಯಲ್ಲಿ ಹೊಂಗೆಯ ಮರವನ್ನು ಅರಿಯದವರಿಲ್ಲ. ಇದರ ಸೊಪ್ಪು ಗದ್ದೆಗೆ, ಹಿಂಡಿ ತೋಟಕ್ಕೆ. ಕಹಿಯಾದ ಇದರ ಎಣ್ಣೆ ಅಡುಗೆಗೆ ಬಾರದು. ಸೀಮೆಎಣ್ಣೆ ಬರುವ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿ ಹಣತೆಗೆ ಒದಗುತ್ತಿತ್ತು. ಹಣತೆಯ ಎಣ್ಣೆ ಯಂತ್ರಕ್ಕೂ ಸಲ್ಲುವುದೆಂಬುದು ಹೊಸ ಮಾತಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ಒಂದು ಡೀಸೆಲ್ ಯಂತ್ರವನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. ಮುಂದೆ ಅಗ್ಗದ ಖನಿಜತೈಲದ ಭರದಲ್ಲಿ ಅದು ಮರೆತುಹೋಯಿತು.

ಕರ್ನಾಟಕದಲ್ಲಿ ಅದನ್ನು ಮತ್ತೆ ನೆನಪಿಗೆ ತಂದವರು ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಉಡುಪಿ ಶ್ರೀನಿವಾಸ ಅವರು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ‘ಸೂತ್ರ’ ಎಂಬ ಯೋಜನೆಯ ಮೂಲಕ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಡೀಸೆಲ್ ಜನರೇಟರುಗಳನ್ನು ಹೊಂಗೆಯೆಣ್ಣೆಯಿಂದ ನಡೆಸಿ, ಕೊಳವೆಬಾವಿಯ ನೀರೆತ್ತಿಸಿದರು. ಒಣಭೂಮಿಯಲ್ಲಿ ಹಿಪ್ಪುನೇರಳೆ ಬೆಳೆಯಿತು. ನಮಗೆ ಹತ್ತಿರದ ದಾಂಡೇಲಿಯ ಫೆರೋಅಲಾಯ್ಸ್ ಕಾರ್ಖಾನೆಯೂ 2001ರ ಸುಮಾರಿಗೆ ತನ್ನ ಐದು ಜನರೇಟರುಗಳನ್ನು ಈ ಎಣ್ಣೆಗೆ ಹೊಂದಿಸಿಕೊಂಡಿತು. ಎಣ್ಣೆ ಹಿಂಡುವುದು ಯಂತ್ರಪೀಡನವೆಂಬ ಕರ್ಮಾದಾನವಲ್ಲವೇ ಎಂದು ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ, ಆದರೆ ಭೂಮಿಯನ್ನು ಕೊರೆದು ತೆಗೆದ ತೈಲವೂ ಹಿಂಸಾರಹಿತವಲ್ಲ.

ಹಸಿ ಎಣ್ಣೆಗೆ ಒಂದು ದೋಷವುಂಟು. ಅದು ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್ ಅದನ್ನು ಸಣ್ಣ ಹನಿಗಳಾಗಿ ಒಡೆಯಲಾರದು. ಅರೆಬೆಂದ ಎಣ್ಣೆ ಮಸಿಯಾಗಿ ಕಟ್ಟಿಕೊಳ್ಳುತ್ತದೆ. ಮೆಥನಾಲ್ ಮತ್ತು ಕ್ಷಾರ ಸೇರಿಸಿ ಕಾಯಿಸಿದರೆ ಗ್ಲಿಸರಿನ್ ಬೇರ್ಪಟ್ಟು ತೆಳುವಾದ ಎಸ್ಟರ್ ಉಳಿಯುತ್ತದೆ. ಇದೇ ಜೈವಿಕ ಡೀಸೆಲ್. ಅದರಲ್ಲಿಯೇ ನೂರಕ್ಕೆ ಹತ್ತರಷ್ಟು ಆಮ್ಲಜನಕವಿರುವುದರಿಂದ ಕರಿಹೊಗೆ ಕಡಿಮೆ. ನೈಟ್ರೋಜನ್ ಆಕ್ಸೈಡುಗಳು ಮಾತ್ರ ತುಸು ಹೆಚ್ಚುವುದುಂಟು. ಅವನ್ನು ತಗ್ಗಿಸಲು ಇನ್ನೊಂದು ವಿಚಿತ್ರ ಬೆರಕೆಯಿದೆ: ಡೀಸೆಲ್ಲಿಗೆ ನೂರಕ್ಕೆ ಹತ್ತು–ಹದಿನೈದು ಪಾಲು ನೀರನ್ನು, ಎರಡನ್ನೂ ಹಿಡಿದಿಡುವ ದ್ರವ್ಯದೊಂದಿಗೆ ಕಡೆದು ಸೇರಿಸುವುದು. ಉರಿಯಲ್ಲಿ ನೀರಹನಿ ಸಿಡಿದು ಎಣ್ಣೆಯನ್ನು ಇನ್ನಷ್ಟು ಒಡೆಯುತ್ತದೆ, ಜ್ವಾಲೆಯ ತಾಪ ಇಳಿಯುತ್ತದೆ. ಶಕ್ತಿಯೂ ತುಸು ಇಳಿಯುತ್ತದೆನ್ನಿ; ಬಹುಕಾಲ ನಿಂತರೆ ನೀರು ಬೇರ್ಪಡುವ ಭಯವೂ ಇದೆ.

ಹಾಲಿಗೆ ನೀರು ಬೆರೆಸಿದವನನ್ನು ದೂರುವ ನಾವು ಈ ನೀರನ್ನು ಏಕೆ ಒಪ್ಪಬೇಕು? ಇಲ್ಲಿ ಬೆರೆಸುವವನು ಪ್ರಮಾಣವನ್ನು ಸಾರಿ ಹೇಳುತ್ತಾನೆ, ಕೊಳ್ಳುವವನು ತಿಳಿದು ಕೊಳ್ಳುತ್ತಾನೆ. ಪಡಿತರದ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಡೀಸೆಲ್ಲಿಗೆ ಸುರಿದವರು ಹೇಳಲಿಲ್ಲ. ಬಡವನ ದೀಪದ ಎಣ್ಣೆ ಕದ್ದುಹೋಯಿತು, ಲಾರಿಯವನ ಪಂಪು ಸವೆಯಿತು. ಕೋಲಾರದ ಚಿನ್ನದ ಗಣಿಯ ಊರಿನ ಎಸ್. ಮಂಜುನಾಥ್ ಎಂಬ ಇಂಡಿಯನ್ ಆಯಿಲ್ ಅಧಿಕಾರಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಇಂತಹ ಕಲಬೆರಕೆಯನ್ನು ಹಿಡಿದದ್ದಕ್ಕಾಗಿ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ಅವರಿಗೆ ಆಗ 27 ವರ್ಷ. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಎತ್ತಿಹಿಡಿಯಿತು.

ಕೇಂದ್ರದ 2018ರ ನೀತಿಯು 2030ರ ವೇಳೆಗೆ ಡೀಸೆಲ್ಲಿನಲ್ಲಿ ನೂರಕ್ಕೆ 5 ಪಾಲು ಜೈವಿಕ ಡೀಸೆಲ್ ಬೆರೆಸುವ ಗುರಿಯಿಟ್ಟಿದೆ. ಬಸದಿಯ ಉತ್ಸವಕ್ಕೆ ಜನರೇಟರ್ ಇಟ್ಟುಕೊಂಡ ಟ್ರಸ್ಟುಗಳು ಇದನ್ನು ಕೊಳ್ಳುವಾಗ ಬೆರಕೆಯ ಪ್ರಮಾಣವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಲಿ. ಹಳೆಯ ಯಂತ್ರದ ರಬ್ಬರ್ ಕೊಳವೆಗಳನ್ನು ಅದು ಮೆತ್ತಗಾಗಿಸುತ್ತದೆ, ಟ್ಯಾಂಕಿನ ಹಳೆಯ ಗಸಿಯನ್ನು ಎಬ್ಬಿಸುತ್ತದೆ; ಆದುದರಿಂದ ಮೊದಲ ಕೆಲವು ವಾರ ಫಿಲ್ಟರನ್ನು ಆಗಾಗ ಬದಲಿಸಬೇಕಾಗುತ್ತದೆ.