ಖಾಸಾ ಪಡೆ, ಸರಂಜಾಮಿ ದಂಡು: ಕೃಷ್ಣಾ–ದೂಧಗಂಗಾ ಸೀಮೆಯಲ್ಲಿ ಸೇನಾ ಅಪ್ಪಣೆಯ ಸರಪಳಿ (1659–1818)

ಪೀಠಿಕೆ

ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ವೈಜ್ಞಾನಿಕ ಕಾದಂಬರಿ ‘ಡ್ಯೂನ್’ನಲ್ಲಿ ಚಕ್ರವರ್ತಿಗೆ ಸರ್ದೌಕರ್ ಎಂಬ ಖಾಸಾ ಪಡೆಯಿದೆ, ಸಾಮಂತ ಮನೆತನಗಳಿಗೆ ತಮ್ಮ ತಮ್ಮ ದಂಡುಗಳಿವೆ. ಸರ್ದೌಕರರು ಸಾಮಂತನೊಬ್ಬನ ಸಮವಸ್ತ್ರ ತೊಟ್ಟು ಕಾಳಗಕ್ಕಿಳಿದಾಗಲೂ ಅವರ ನಿಷ್ಠೆ ಆ ಸಾಮಂತನಿಗಲ್ಲ, ಚಕ್ರವರ್ತಿಗೆ. 1987ರಲ್ಲಿ ಬಂದ ‘ವಾರ್‌ಹ್ಯಾಮರ್ 40,000’ ಆಟದ ಕಥಾಲೋಕದಲ್ಲಿಯೂ ಸ್ಪೇಸ್ ಮರೀನ್ ಪಡೆಗಳು ಸಾಮಾನ್ಯ ಸೈನ್ಯದ ಅಧಿಕಾರಶ್ರೇಣಿಯ ಹೊರಗಿವೆ. ಇಂಥ ಎರಡು ಪಡೆಗಳು ಒಂದೇ ರಣಭೂಮಿಯಲ್ಲಿ ಸೇರಿದರೆ ಯಾರ ಹುಕುಂ ನಡೆಯಬೇಕು?

ಭವಿಷ್ಯದ ಕಥೆಗಳು ಕೇಳುವ ಈ ಪ್ರಶ್ನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ಹಳೆಯದು. ಪಡೆಯ ಹೆಸರಾಗಲಿ ದರ್ಜೆಯಾಗಲಿ ಇಲ್ಲಿ ಅಪ್ಪಣೆಯನ್ನು ನಿರ್ಧರಿಸಲಿಲ್ಲ. ಪಗಾರ ಕೊಡುವ ಕೈ ಯಾವುದು, ಊರುಗಳ ಸನದು ಯಾರ ಹೆಸರಿನಲ್ಲಿದೆ ಎಂಬುದೇ ನಿರ್ಧರಿಸಿತು ಎಂಬುದು ಈ ಲೇಖನದ ವಾದ.

ಪಾಗೆಯ ಕೈಕೆಳಗೆ ಶಿಲೇದಾರರು

ಆದಿಲಶಾಹಿ ಕಾಲದಲ್ಲಿ ರಾಯಬಾಗದ ಸೀಮೆ ಸರದಾರ ರುಸ್ತುಂ-ಎ-ಜಮಾನನ ಜಹಗೀರಾಗಿತ್ತು. 1659ರ ಡಿಸೆಂಬರ್ 28ರಂದು ಕೊಲ್ಲಾಪುರದ ಬಳಿ ಶಿವಾಜಿಯ ಎದುರು ವಿಜಾಪುರದ ದಂಡು ಸೋತಾಗ ಅದರ ನಾಯಕನಾಗಿದ್ದವನು ಈತನೇ. ಅವನಿಗೆ ಶಿವಾಜಿಯೊಡನೆ ಒಳಸಂಬಂಧವಿದೆ ಎಂಬ ಗುಮಾನಿ ಅಂದಿನ ಇಂಗ್ಲಿಷ್ ವರ್ತಕರ ಪತ್ರಗಳಲ್ಲಿದೆ. ಜಹಗೀರಿನ ಹುಟ್ಟುವಳಿಯಿಂದ ದಂಡು ಸಾಕುವ ಸರದಾರ ಸುಲ್ತಾನನಿಗಿಂತ ಮೊದಲು ತನ್ನ ಜಹಗೀರನ್ನು ನೋಡಿಕೊಳ್ಳುವುದು ಸಹಜವೇ.

ಶಿವಾಜಿ ಈ ದೋಷಕ್ಕೆ ಪರಿಹಾರ ಹುಡುಕಿದ. ಸರಕಾರಿ ಕುದುರೆ ಏರುವ ಬಾರಗೀರರದು ಪಾಗೆ. ಸ್ವಂತ ಕುದುರೆ, ಆಯುಧ ತರುವವರು ಶಿಲೇದಾರರು. 25 ಬಾರಗೀರರಿಗೆ ಒಬ್ಬ ಹವಾಲದಾರ, ಐವರು ಹವಾಲದಾರರಿಗೆ ಒಬ್ಬ ಜುಮಲೇದಾರ, ಹತ್ತು ಜುಮಲೆಗಳಿಗೆ ಒಬ್ಬ ಹಜಾರಿ, ಎಲ್ಲರ ಮೇಲೆ ಸರನೌಬತ್. ಪಾಗೆಯ ಬಲವನ್ನು ಹೆಚ್ಚಿಸಿ ಶಿಲೇದಾರರನ್ನು ಅದರ ಕೈಕೆಳಗೆ ಇಡಲಾಯಿತು. ಯಾರೂ ಸ್ವತಂತ್ರರಾಗಿ ತಿರುಗಿಬೀಳದಂತೆ ಮಾಡುವುದೇ ಉದ್ದೇಶ ಎಂದು ಇತಿಹಾಸಕಾರ ಸಭಾಸದ ತನ್ನ ಬಖರಿನಲ್ಲಿ ದಾಖಲಿಸಿದ್ದಾನೆ. ಖಾಸಾ ಪಡೆಯನ್ನು ಸಾಮಾನ್ಯ ಪಡೆಯಿಂದ ಬೇರೆಯಾಗಿಡದೆ ಅದರ ಬೆನ್ನೆಲುಬನ್ನಾಗಿಸಿದ ಕ್ರಮವಿದು.

ಈ ಶಿಸ್ತಿಗೆ ಸರನೌಬತನೂ ಹೊರತಾಗಿರಲಿಲ್ಲ. 1673ರಲ್ಲಿ ಉಮರಾಣಿಯ ಬಳಿ ಕೈಗೆ ಸಿಕ್ಕ ವಿಜಾಪುರದ ಸರದಾರ ಬಹಲೋಲ ಖಾನನನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಾಪರಾವ ಗುಜರ ಶಿವಾಜಿಯ ಕಟುವಾದ ಛೀಮಾರಿ ಕೇಳಬೇಕಾಯಿತು. 1674ರ ಫೆಬ್ರುವರಿಯಲ್ಲಿ, ನಿಪ್ಪಾಣಿಯ ದಕ್ಷಿಣಕ್ಕಿರುವ ನೇಸರಿಯಲ್ಲಿ, ಅವನು ಬೆರಳೆಣಿಕೆಯ ಸವಾರರೊಡನೆ ಶತ್ರುಸೈನ್ಯಕ್ಕೆ ನುಗ್ಗಿ ಮಡಿದ.

ದರ್ಜೆಯೊಂದೇ ಸಾಲದು ಎಂಬುದಕ್ಕೆ ಅಥಣಿ ಸಾಕ್ಷಿ. ಮೊಗಲರ ಕಡೆ ಸೇರಿದ್ದ ಶಿವಾಜಿಯ ಮಗ ಸಂಭಾಜಿ ಏಳು ಹಜಾರಿ ಮನಸಬದಾರನಾಗಿದ್ದ. 1679ರಲ್ಲಿ ಮೊಗಲ ಸರದಾರ ದಿಲೇರ ಖಾನನ ದಂಡು ಅಥಣಿಯನ್ನು ಸೂರೆಗೊಂಡಾಗ ಸಂಭಾಜಿಯ ವಿರೋಧ ನಡೆಯಲಿಲ್ಲ. ಸ್ವಲ್ಪ ದಿನಗಳಲ್ಲೇ ಅವನು ಮೊಗಲ ಪಾಳೆಯ ಬಿಟ್ಟು ಪನ್ಹಾಳ ಸೇರಿದ.

ಹುಜುರಾತ್, ಗಾರದಿ ಮತ್ತು ಸರಂಜಾಮು

ಪೇಶ್ವೆಗಳ ಕಾಲಕ್ಕೆ ವ್ಯವಸ್ಥೆ ತಿರುವು ಪಡೆಯಿತು. ಪೇಶ್ವೆಯ ನೇರ ಅಧೀನದ ಖಾಸಾ ಕುದುರೆದಂಡು ಹುಜುರಾತ್. ಕವಾಯತು ಕಲಿತು ನಗದು ಪಗಾರ ಪಡೆಯುವ ಕಾಲಾಳುಗಳು ಗಾರದಿಗಳು. ಉಳಿದದ್ದೆಲ್ಲ ಸರಂಜಾಮು, ಅಂದರೆ ದಂಡು ಸಾಕಲು ಕೊಟ್ಟ ಭೂಮಿಯ ಹುಟ್ಟುವಳಿಯ ಮೇಲೆ ನಿಂತ ಸರದಾರರ ಸರಂಜಾಮಿ ದಂಡು. 1761ರ ಪಾಣಿಪತ್ತಿನಲ್ಲಿ ಇಬ್ರಾಹಿಂ ಖಾನ ಗಾರದಿಯ ಶಿಸ್ತಿನ ಸಾಲಿಗೂ ಸರದಾರರ ಕುದುರೆದಂಡಿನ ರೂಢಿಗೂ ಹೊಂದಾಣಿಕೆ ಆಗಲಿಲ್ಲ. 1773ರ ಆಗಸ್ಟ್ 30ರಂದು ಶನಿವಾರವಾಡೆಯೊಳಗೇ ಪೇಶ್ವೆ ನಾರಾಯಣರಾವ ಗಾರದಿಗಳ ಕತ್ತಿಗೆ ಬಲಿಯಾದ. ಆ ಪಡೆ ಅರಮನೆಗೆ ಎಷ್ಟು ಸಮೀಪವಿತ್ತೋ ಅಷ್ಟೇ ಅಪಾಯಕಾರಿಯೂ ಆಗಿತ್ತು.

ಕೃಷ್ಣಾ ತೀರದಲ್ಲಿ ಸರಂಜಾಮಿ ಬಲ ಪಟವರ್ಧನರದು. ಇಂದಿನ ಕಾಗವಾಡ ತಾಲ್ಲೂಕಿನ ಶೇಡಬಾಳ ಅದೇ ಮನೆತನದ ಒಂದು ಕವಲಿನ ಜಹಗೀರಾಗಿತ್ತು. 1799ರ ಸೆಪ್ಟೆಂಬರಿನಲ್ಲಿ ಪರಶುರಾಮಭಾವು ಪಟವರ್ಧನ ನಿಪ್ಪಾಣಿ ಹತ್ತಿರದ ಪಟ್ಟಣಕುಡಿಯಲ್ಲಿ ಕೊಲ್ಲಾಪುರದ ದಂಡಿನೆದುರು ಹತನಾದ. ಸೇಡಿಗಾಗಿ ಅವನ ಮಗ ಕೊಲ್ಲಾಪುರಕ್ಕೆ ಮುತ್ತಿಗೆ ಹಾಕಿದಾಗ ಸಿಂಧಿಯಾನ ಕವಾಯತು ಪಲಟಣಗಳೂ ಜತೆಗಿದ್ದವು. 1800ರ ಮಾರ್ಚ್ 13ರಂದು ಪಟವರ್ಧನರ ಬೆಂಬಲಿಗನಾಗಿದ್ದ ಪುಣೆಯ ಮಂತ್ರಿ ನಾನಾ ಫಡಣವೀಸ ತೀರಿಕೊಂಡ. ಪೇಶ್ವೆ ಬಾಜಿರಾಯ, ಸಿಂಧಿಯಾ ಇಬ್ಬರೂ ತಮ್ಮ ಜಹಗೀರಿಗೇ ಕಣ್ಣು ಹಾಕಿದ್ದಾರೆಂಬ ಭಯದಿಂದ ಪಟವರ್ಧನರು ಹಿಂದೆ ಸರಿದರು, ಮುತ್ತಿಗೆ ಬಿದ್ದುಹೋಯಿತು. ಒಂದೇ ಕೋಟೆಯ ಮುಂದೆ ನಿಂತ ಎರಡು ಪಡೆಗಳಿಗೆ ಎರಡು ಅಪ್ಪಣೆಗಳಿದ್ದವು.

ನಿಪ್ಪಾಣಿಯ ಸರಲಷ್ಕರ

ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ ನಿಂಬಾಳಕರ ಬಾಜಿರಾಯನ ‘ಸರಲಷ್ಕರ’. ಬಿರುದಿನಂತೆ ಸೇನಾಧಿಪತಿ, ವಾಸ್ತವದಲ್ಲಿ ತನ್ನ ದಂಡಿಗಷ್ಟೇ ಒಡೆಯ. 1803ರಲ್ಲಿ ಇಂಗ್ಲಿಷರ ಜನರಲ್ ವೆಲ್ಲೆಸ್ಲಿ ಪುಣೆಯತ್ತ ನಡೆದಾಗ ಸಿದ್ಧೋಜಿರಾವನೂ ಪಟವರ್ಧನರೂ ಅವನೊಡನೆ ದಂಡು ಕೂಡಿಸಿದರು. ಆದರೆ ಅದೇ ವರ್ಷ ಅಸ್ಸಾಯಿಯಲ್ಲಿ ವೆಲ್ಲೆಸ್ಲಿ ಪೇಶ್ವೆಯ ಮತ್ತು ಮೈಸೂರಿನ ಕುದುರೆದಂಡನ್ನು ಮುಖ್ಯ ಕಾಳಗಕ್ಕೆ ಇಳಿಸದೆ ಕೈತ್ನಾ ನದಿಯಾಚೆ ಶತ್ರುವಿನ ಕುದುರೆದಂಡನ್ನು ತಡೆಯಲು ನಿಲ್ಲಿಸಿದ.

1812ರ ಪಂಢರಪುರ ಒಪ್ಪಂದದಲ್ಲಿ ಪುಣೆಯ ಇಂಗ್ಲಿಷ್ ರೆಸಿಡೆಂಟ್ ಎಲ್ಫಿನ್‌ಸ್ಟನ್ ದಕ್ಷಿಣದ ಜಹಗೀರದಾರರ ಸೇವೆಯನ್ನು ಪೇಶ್ವೆಗೆ ಗೊತ್ತುಪಡಿಸಿ, ಅವರ ಭೂಮಿಗೆ ಈಸ್ಟ್ ಇಂಡಿಯಾ ಕಂಪನಿಯ ಜಾಮೀನು ಕೊಟ್ಟ. ಅಪ್ಪಣೆ ಪುಣೆಯದು, ಅಭಯ ಇಂಗ್ಲಿಷರದು ಎಂದಾಯಿತು. ಬಾಜಿರಾಯ ಕ್ಯಾಪ್ಟನ್ ಫೋರ್ಡನಿಂದ ಹೊಸ ಕವಾಯತು ಬ್ರಿಗೇಡ್ ಕಟ್ಟಿಸಿದ. 1817ರ ನವೆಂಬರ್ 5ರಂದು ಖಡಕಿಯಲ್ಲಿ ಅದೇ ಬ್ರಿಗೇಡ್ ಇಂಗ್ಲಿಷರ ಸಾಲಿಗೆ ಸೇರಿ ಅವನ ವಿರುದ್ಧವೇ ಕಾದಿತು. 1818ರಲ್ಲಿ ಬಾಜಿರಾಯನ ಪಕ್ಷ ಬಿಡಲು ತಡಮಾಡಿದ ನಿಪ್ಪಾಣಿಕರ ಚಿಕ್ಕೋಡಿ, ಮುನವಳ್ಳಿಗಳನ್ನು ಕಳೆದುಕೊಂಡ. ಅವು ಇಂಗ್ಲಿಷರಿಗೆ ನೆರವಾದ ಕೊಲ್ಲಾಪುರದ ಪಾಲಾದವು.

ಸಮಾರೋಪ

ಪೇಶ್ವೆಗಳಿಗೆ ಖಾಸಾ ಪಡೆಯೂ ಇತ್ತು, ಸರಂಜಾಮಿ ದಂಡೂ ಇತ್ತು. ಎರಡನ್ನೂ ಬಿಗಿಯುವ ಒಂದೇ ಸರಪಳಿ ಇರಲಿಲ್ಲ. ಇಂದು ಬೆಳಗಾವಿಯ ಕಮಾಂಡೋ ಶಾಲೆಯಲ್ಲಿ ತರಬೇತಾಗುವ ‘ಘಾತಕ್’ ಯೋಧರನ್ನು ಇದಕ್ಕೆ ವ್ಯತಿರಿಕ್ತ ಉದಾಹರಣೆಯಾಗಿ ನೋಡಬಹುದು. ಪ್ರತಿ ಪದಾತಿ ಬಟಾಲಿಯನ್ನಿನಲ್ಲಿ ಘಾತಕ್ ಪ್ಲಟೂನ್ ಇದೆ. ಅದು ಆಯ್ದ ಯೋಧರದೇ ಆದರೂ ಆ ಬಟಾಲಿಯನ್ನಿನ ಕಮಾಂಡಿಂಗ್ ಆಫೀಸರನ ಅಧೀನದಲ್ಲಿಯೇ ಇರುತ್ತದೆ. ಸಭಾಸದ ಬಣ್ಣಿಸಿದ ಪಾಗೆಯ ತತ್ತ್ವಕ್ಕೆ ಇದು ಹತ್ತಿರವಾದದ್ದು. ಆಯ್ದ ಪಡೆ ಸಾಮಾನ್ಯ ಪಡೆಯ ಸರಪಳಿಯೊಳಗೇ ಇರಬೇಕು, ಎರಡೂ ಪಡೆಗಳ ಪಗಾರ ಒಂದೇ ಖಜಾನೆಯಿಂದ ಬರಬೇಕು. ಇವೆರಡೂ ತಪ್ಪಿದ ರಾಜ್ಯಕ್ಕೆ ಎಂಥ ವೀರರಿದ್ದರೂ ಪ್ರಯೋಜನವಿಲ್ಲ ಎಂಬುದೇ ಈ ಸೀಮೆಯ ಇತಿಹಾಸ ಕೊಡುವ ತೀರ್ಪು.